ಕಲ್ಲಿನೆದುರು ಕೂತ ಭಾನುವಾರಗಳು

ಕನ್ನಡದಲ್ಲಿ ನಾವು ಕತೆಯನ್ನೂ ಬರೆಯುತ್ತೇವೆ, ಚಿತ್ರವನ್ನೂ ಬರೆಯುತ್ತೇವೆ. ಎರಡಕ್ಕೂ ಒಂದೇ ಕ್ರಿಯಾಪದ ಸಾಕು ಎಂದು ನಮ್ಮ ಹಿರಿಯರಿಗೆ ಯಾಕೆ ಅನ್ನಿಸಿತೋ, ನನಗಂತೂ ಅದರಿಂದ ತುಂಬಾ ಉಪಕಾರವಾಗಿದೆ. ‘ಏನ್ ಬರೀತಿದೀರಿ ಅಮ್ಮಾ?’ ಎಂದು ಹಳ್ಳಿಯಲ್ಲಿ ಯಾರಾದರೂ ಕೇಳಿದರೆ ‘ಈ ಕಲ್ಲು’ ಎನ್ನುತ್ತೇನೆ. ಉತ್ತರ ಮುಗಿಯುತ್ತದೆ. ಹಳೆಯ ಶಾಸನಗಳ ಕೊನೆಯಲ್ಲಿ ಬರೆದವನ ಹೆಸರು, ಕಲ್ಲಿನಲ್ಲಿ ಕಂಡರಿಸಿದವನ ಹೆಸರು ಬೇರೆ ಬೇರೆಯಾಗಿ ಬರುವುದುಂಟು. ಒಬ್ಬನದು ಮಾತು, ಇನ್ನೊಬ್ಬನದು ಉಳಿ. ಆದರೆ ತಾಳಗುಂದದ ಕಂಬದಲ್ಲಿ ಕದಂಬರ ಚರಿತ್ರೆ ಹೇಳುವ ಕಾವ್ಯವನ್ನು ರಚಿಸಿದ ಕುಬ್ಜ ಎಂಬ ಕವಿ, ಅದನ್ನು ತಾನೇ ಕಲ್ಲಿನ ಮೇಲೆ ಬರೆದೆನೆಂದು ಹೇಳಿಕೊಂಡಿದ್ದಾನೆ. ಹದಿನೈದು ಶತಮಾನಗಳ ಹಿಂದಿನ ಆ ಮನುಷ್ಯನ ಮೇಲೆ ನನಗೆ ಸಣ್ಣ ಹೊಟ್ಟೆಕಿಚ್ಚು. ಪದವೂ ಅವನದೇ, ಗೆರೆಯೂ ಅವನದೇ.

ನಾನು ಇತಿಹಾಸವನ್ನು ಕಾಲೇಜಿನಲ್ಲಿ ಓದಿದವಳಲ್ಲ. ಬಿ.ಕಾಂ. ಮುಗಿಸಿ 1983ರಲ್ಲಿ ಬ್ಯಾಂಕ್ ಸೇರಿದೆ. 1991ರಲ್ಲಿ ಶಿಕಾರಿಪುರಕ್ಕೆ ವರ್ಗವಾಯಿತು. ಗಂಡನ ಕೆಲಸ ತುಮಕೂರಿನಲ್ಲಿ, ಮಗಳು ಅಜ್ಜಿಯ ಮನೆಯಲ್ಲಿ. ಎರಡು ವಾರಕ್ಕೊಮ್ಮೆ ನಾನು ಊರಿಗೆ ಹೋಗಿ ಬರುತ್ತಿದ್ದೆ. ಹೋಗದ ಭಾನುವಾರ ಏನು ಮಾಡುವುದೆಂದು ತಿಳಿಯದೆ ಒಮ್ಮೆ ಬಳ್ಳಿಗಾವಿಯ ಬಸ್ಸು ಹತ್ತಿದೆ. ಕೇದಾರೇಶ್ವರ ದೇವಾಲಯ ನೋಡಿದೆ. ಮೈಮರೆತೆ ಎಂದೇನೂ ಅಲ್ಲ. ದೇವಸ್ಥಾನ ಚೆನ್ನಾಗಿತ್ತು, ಬಿಸಿಲು ಜೋರಾಗಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಆವರಣದಲ್ಲಿ ಸಾಲಾಗಿ ನಿಲ್ಲಿಸಿದ್ದ ವೀರಗಲ್ಲುಗಳು. ಒಬ್ಬ ಬಿಲ್ಲು ಎಳೆಯುತ್ತಿದ್ದ. ಇನ್ನೊಬ್ಬ ಕುದುರೆಯ ಕಾಲಡಿಯಲ್ಲಿ ಬಿದ್ದಿದ್ದ. ಯಾರಿಗೂ ಹೆಸರಿನ ಫಲಕವಿಲ್ಲ. ಬ್ಯಾಂಕಿನ ಚೀಲದಲ್ಲಿದ್ದ ಹಳೆಯ ಲೆಡ್ಜರ್ ಹಾಳೆಯ ಹಿಂಬದಿಯಲ್ಲಿ ಅವತ್ತು ಗೀಚಿದ್ದೇ ನನ್ನ ಮೊದಲ ಚಿತ್ರ. ಕುದುರೆ ನಾಯಿಯಂತೆ ಬಂದಿತ್ತು.

ಆಮೇಲೆ ಅದೇ ಚಟವಾಯಿತು. ಕ್ಯಾಮೆರಾ ಇರಲಿಲ್ಲವೆಂದಲ್ಲ. ಒಂದು ರೀಲಿಗೆ 36 ಚಿತ್ರ, ತೊಳೆಸಲು ಶಿವಮೊಗ್ಗಕ್ಕೆ ಕಳಿಸಬೇಕಿತ್ತು, ಖರ್ಚು ಹೆಚ್ಚಾಗುತ್ತಿತ್ತು. ಅದೊಂದು ಕಾರಣ. ಆದರೆ ಮುಖ್ಯ ಕಾರಣ ನಿಧಾನವಾಗಿ ತಿಳಿಯಿತು: ಫೋಟೋ ತೆಗೆದರೆ ಕಲ್ಲನ್ನು ನೋಡಿದ ಸಮಾಧಾನ ಬರುತ್ತದೆ, ನೋಡಿರುವುದಿಲ್ಲ. ವೀರಗಲ್ಲಿಗೆ ಸಾಮಾನ್ಯವಾಗಿ ಮೂರು ಪಟ್ಟಿಕೆಗಳು. ಕೆಳಗೆ ಕಾಳಗ, ನಡುವೆ ಸತ್ತ ವೀರನನ್ನು ಅಪ್ಸರೆಯರು ಮೇಲಕ್ಕೆ ಒಯ್ಯುವುದು, ಮೇಲೆ ಅವನು ದೇವರ ಸನ್ನಿಧಿಯಲ್ಲಿ ಕೂತಿರುವುದು. ತುದಿಯಲ್ಲಿ ಸೂರ್ಯಚಂದ್ರರು, ಅವರಿರುವವರೆಗೆ ಇದಿರಲಿ ಎಂಬ ಹಾರೈಕೆ. ಇಷ್ಟನ್ನು ಯಾವ ಪುಸ್ತಕವಾದರೂ ಹೇಳುತ್ತದೆ. ಪೆನ್ಸಿಲ್ ಹಿಡಿದು ಎರಡು ಗಂಟೆ ಕೂತಾಗ ಮಾತ್ರ ಕಾಣುವುದು ಬೇರೆ. ಕೆಳಗಿನ ಪಟ್ಟಿಕೆಯ ಮೂಲೆಯಲ್ಲಿ ಬೆರಳುಗಾತ್ರದ ಹಸುಗಳು ತಲೆ ತಗ್ಗಿಸಿ ಹೋಗುತ್ತಿರುತ್ತವೆ. ಆಗ ಇದು ರಾಜರ ಯುದ್ಧವಲ್ಲ, ತುರುಗೋಳು, ಊರಿನ ದನ ಹೊಡೆದುಕೊಂಡು ಹೋಗಲು ಬಂದವರನ್ನು ತಡೆದು ಸತ್ತವನ ಕಲ್ಲು ಎಂದು ಗೊತ್ತಾಗುತ್ತದೆ. ಕೆಳಗೆ ಹಲ್ಲು ಕಚ್ಚಿ ಹೋರಾಡುತ್ತಿರುವವನ ತಲೆಯ ತುರುಬು ಮೇಲೆ ಸ್ವರ್ಗದಲ್ಲಿ ಕೂತಿರುವವನಿಗೂ ಅದೇ ಬದಿಗೆ ವಾಲಿರುತ್ತದೆ. ಇವನು ಅವನೇ ಎಂದು ಊರಿನವರಿಗೆ ಗುರುತು ಸಿಗಲಿ ಎಂದು ಶಿಲ್ಪಿ ಇಟ್ಟ ಗುರುತು ಅದು.

ಚಿತ್ರ ಬರೆಯಲು ಬೇಕಾದದ್ದು ಕಡಿಮೆ. ಎರಡು ಪೆನ್ಸಿಲ್, ಒಂದು ನೂಲಿನ ಉಂಡೆ, ನೀರಿನ ಬಾಟಲಿ, ಕೂರಲು ಗೋಣಿತಾಟು. ನೂಲನ್ನು ಮೇಲಿಂದ ಕೆಳಕ್ಕೆ ಇಳಿಬಿಟ್ಟು ಗೇಣಿನ ಲೆಕ್ಕದಲ್ಲಿ ಗಂಟು ಹಾಕಿಕೊಂಡರೆ ಅಳತೆ ಸಿಗುತ್ತದೆ. ನೆತ್ತಿಯ ಮೇಲಿನ ಸೂರ್ಯನಿಂದ ಏನೂ ಪ್ರಯೋಜನವಿಲ್ಲ. ಬೆಳಗಿನ ಎಂಟು ಗಂಟೆ ಅಥವಾ ಸಂಜೆಯ ಐದು ಗಂಟೆಯ ಓರೆಬಿಸಿಲು ಬೇಕು. ಆಗ ಸವೆದ ಅಕ್ಷರಗಳೂ ನೆರಳು ಹಿಡಿದು ಎದ್ದು ನಿಲ್ಲುತ್ತವೆ. ಕೆಲವರು ಅಕ್ಷರ ಕಾಣಲೆಂದು ಸುಣ್ಣದ ಕಡ್ಡಿ ತಿಕ್ಕುತ್ತಾರೆ. ಅದು ಕಲ್ಲಿಗೆ ಒಳ್ಳೆಯದಲ್ಲ, ಓದಿಗೂ ಒಳ್ಳೆಯದಲ್ಲ. ತಿಕ್ಕುವವನು ತನಗೆ ಕಂಡ ಗೆರೆಯನ್ನೇ ಬಲಪಡಿಸುತ್ತಾ ಹೋಗುತ್ತಾನೆ. ಶಾಸನತಜ್ಞರು ಅಚ್ಚು ತೆಗೆಯುವುದನ್ನು ನಾನು ಒಮ್ಮೆ ಹತ್ತಿರದಿಂದ ನೋಡಿದ್ದೇನೆ. ಕಲ್ಲನ್ನು ತೊಳೆದು, ಒದ್ದೆ ಕಾಗದ ಅಂಟಿಸಿ, ಬ್ರಷ್‌ನಿಂದ ತಟ್ಟಿ ತಟ್ಟಿ ಕಾಗದವನ್ನು ಅಕ್ಷರಗಳ ಹಳ್ಳಕ್ಕೆ ಇಳಿಸುತ್ತಾರೆ. ಮೇಲೆ ಮಸಿಯ ಉಂಡೆ ಒತ್ತಿದರೆ ಹಳ್ಳ ಬಿಳಿಯಾಗಿ ಉಳಿದು ಉಳಿದದ್ದೆಲ್ಲ ಕಪ್ಪಾಗುತ್ತದೆ. ಒಣಗಿದ ಕಾಗದವನ್ನು ಎತ್ತಿದಾಗ ಕಲ್ಲಿನ ಚರ್ಮವನ್ನೇ ಸುಲಿದಂತಿರುತ್ತದೆ.

ಓದು ಶುರುವಾದದ್ದು ಚಿತ್ರದ ಹಿಂದೆಯೇ. ಊರಿನ ಕಾಲೇಜಿನ ಕನ್ನಡ ಮೇಷ್ಟ್ರೊಬ್ಬರು ನನ್ನ ಹಾಳೆಗಳನ್ನು ನೋಡಿ, ‘ಚಿತ್ರ ಬರ್ದೀರಿ ಸರಿ, ಕೆಳಗಿನ ಅಕ್ಷರ ಯಾರು ಓದ್ತಾರೆ?’ ಎಂದು ಕೇಳಿ ಎಪಿಗ್ರಾಫಿಯಾ ಕರ್ನಾಟಿಕಾದ ಏಳನೆಯ ಸಂಪುಟವನ್ನು ಕೈಗಿಟ್ಟರು. 1902ರಲ್ಲಿ ಅಚ್ಚಾದ ಪುಸ್ತಕ. ಶಿಕಾರಿಪುರ ತಾಲ್ಲೂಕಿನ ಶಾಸನಗಳೆಲ್ಲ ಸಂಖ್ಯೆ ಹಾಕಿಕೊಂಡು ಶಿಸ್ತಾಗಿ ನಿಂತಿದ್ದವು, ನಮ್ಮ ಬ್ಯಾಂಕಿನ ಖಾತೆಗಳ ಹಾಗೆ. ಸಂಪಾದಕರು ಬಿ.ಎಲ್. ರೈಸ್. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿ, ಶಿಕ್ಷಣ ಇಲಾಖೆಯಲ್ಲಿದ್ದು, ಆಮೇಲೆ ಮೈಸೂರು ಪುರಾತತ್ತ್ವ ಇಲಾಖೆಯನ್ನು ಕಟ್ಟಿದವರು. ಹನ್ನೆರಡು ಸಂಪುಟಗಳಲ್ಲಿ ಸುಮಾರು ಒಂಬತ್ತು ಸಾವಿರ ಶಾಸನಗಳು. ಅವರ ನಂತರ ಬಂದ ಆರ್. ನರಸಿಂಹಾಚಾರ್ಯರು, 1936ರಲ್ಲಿ ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದ ಎಂ.ಎಚ್. ಕೃಷ್ಣ, ಇವರೆಲ್ಲ ನನಗೆ ಪರಿಚಯವಾದದ್ದು ಬ್ಯಾಂಕಿನ ಊಟದ ವಿರಾಮದಲ್ಲಿ. ಚಿದಾನಂದಮೂರ್ತಿಯವರ ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಓದಿದ ಮೇಲಂತೂ ಶಾಸನವೆಂದರೆ ರಾಜರ ವಂಶಾವಳಿ ಎಂಬ ಭ್ರಮೆ ಪೂರ್ತಿ ಹೋಯಿತು. ಅದರೊಳಗೆ ಗಾಣಿಗರಿದ್ದರು, ಅಕ್ಕಸಾಲಿಗರಿದ್ದರು, ಕೆರೆ ಕಟ್ಟಿದವರಿದ್ದರು, ಹರಕೆ ಹೊತ್ತು ಜೀವ ಕೊಟ್ಟವರಿದ್ದರು.

ನಾವೆಲ್ಲ ಕೇಳಿದ ಬೆಂದಕಾಳೂರಿನ ಕತೆಯನ್ನೇ ನೋಡಿ. ವೀರಬಲ್ಲಾಳನಿಗೆ ಅಜ್ಜಿ ಬೆಂದ ಕಾಳು ಕೊಟ್ಟಳು, ಅದರಿಂದ ಬೆಂಗಳೂರಾಯಿತು ಎಂದು. ಕತೆ ಚೆನ್ನಾಗಿದೆ. ಆದರೆ ಬಲ್ಲಾಳನಿಗಿಂತ ಬಹಳ ಹಿಂದೆ, ಸುಮಾರು 890ರ ಹೊತ್ತಿನ ಬೇಗೂರಿನ ಒಂದು ಕಲ್ಲಿನಲ್ಲಿ ‘ಬೆಂಗಳೂರು’ ಎಂಬ ಹೆಸರು ಆಗಲೇ ಇದೆ. ಬೆಂಗಳೂರು ಕಾಳಗದಲ್ಲಿ ನಾಗತ್ತರನ ಮನೆಮಗ ಬುಟ್ಟಣಸೆಟ್ಟಿ ಸತ್ತ ಎಂಬಷ್ಟೇ ಸುದ್ದಿ. ಒಂದು ಮಹಾನಗರದ ಹೆಸರು ಮೊದಲು ದಾಖಲಾದದ್ದು ಒಬ್ಬ ಮನೆಮಗನ ಸಾವಿನ ನೆಪದಲ್ಲಿ. ಬೇಗೂರಿಗೆ ಹೋಗಿ ಆ ಕಲ್ಲನ್ನು ನಾನು ಬರೆದಾಗ ಬರೆಯಲು ಹೆಚ್ಚೇನೂ ಇರಲಿಲ್ಲ. ಅರ್ಧ ಗಂಟೆಯ ಕೆಲಸ. ಆಮೇಲೆ ಎರಡು ಗಂಟೆ ಅಲ್ಲೇ ಕೂತಿದ್ದೆ.

ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲನ್ನು ಮಾತ್ರ ನಾಲ್ಕು ಸಲ ಬರೆದಿದ್ದೇನೆ. ಹತ್ತನೆಯ ಶತಮಾನದ ನಡುಭಾಗದ್ದು. ತಕ್ಕೋಲದಲ್ಲಿ ಚೋಳರೊಡನೆ ನಡೆದ ಯುದ್ಧದಲ್ಲಿ ಮಣಲೇರ ಎಂಬವನು ಪರಾಕ್ರಮ ತೋರಿದಾಗ ಗಂಗರ ಬೂತುಗ ‘ಏನು ಬೇಕು ಕೇಳು’ ಎನ್ನುತ್ತಾನೆ. ಮಣಲೇರ ಊರು ಕೇಳಲಿಲ್ಲ, ಹೊನ್ನು ಕೇಳಲಿಲ್ಲ, ಕಾಳಿ ಎಂಬ ಬೇಟೆನಾಯಿಯನ್ನು ಕೇಳಿದ. ಆ ನಾಯಿಯನ್ನು ಒಮ್ಮೆ ದೊಡ್ಡ ಹಂದಿಯ ಮೇಲೆ ಬಿಟ್ಟಾಗ ಎರಡೂ ಒಂದನ್ನೊಂದು ಕೊಂದುಕೊಂಡು ಸತ್ತವು. ನಾಯಿಗಾಗಿ ಕಲ್ಲು ನಿಂತಿತು, ಭೂಮಿ ಬಿಟ್ಟರು, ಪೂಜೆಯ ವ್ಯವಸ್ಥೆಯೂ ಆಯಿತು. ಮೇಲೆ ನಾಯಿಯೂ ಹಂದಿಯೂ ಕಚ್ಚಾಡುತ್ತಿವೆ, ಸುತ್ತ ರಾಷ್ಟ್ರಕೂಟ ಮೂರನೆಯ ಕೃಷ್ಣನ ಬಿರುದುಗಳು. ಚರಿತ್ರಕಾರರಿಗೆ ಈ ಶಾಸನ ಮುಖ್ಯವಾಗುವುದು ಯುದ್ಧದ ಮಾಹಿತಿಗಾಗಿ. ಕಲ್ಲು ಹಾಕಿಸಿದವನಿಗೆ ಮುಖ್ಯವಾದದ್ದು ನಾಯಿ. ಈ ಎರಡರ ನಡುವಿನ ಜಾಗದಲ್ಲಿ ಎಲ್ಲೋ ನನ್ನಂಥ ಹವ್ಯಾಸಿಯ ಕುರ್ಚಿ ಇದೆ ಎಂದುಕೊಂಡಿದ್ದೇನೆ.

ಎಲ್ಲ ಕಲ್ಲುಗಳೂ ಇಷ್ಟು ಹಗುರಾಗಿ ಬರೆಸಿಕೊಳ್ಳುವುದಿಲ್ಲ. ಮಹಾಸತಿ ಕಲ್ಲುಗಳ ಮುಂದೆ ಕೂತಾಗ ನನ್ನ ಪೆನ್ಸಿಲ್ ಪ್ರತಿ ಸಲವೂ ತಡೆಯುತ್ತದೆ. ಜನರ ಬಾಯಲ್ಲಿ ಅದು ಮಾಸ್ತಿಕಲ್ಲು, ಮಾಸ್ತಮ್ಮ. ಒಂದು ಕಂಬ, ಕಂಬದಿಂದ ಹೊರಬಂದು ಮೊಣಕೈಯಲ್ಲಿ ಮಡಿಸಿ ಮೇಲೆತ್ತಿದ ಒಂದು ತೋಳು. ತೋಳಿನ ತುಂಬ ಬಳೆ, ಅಗಲಿಸಿದ ಅಂಗೈ, ಕೆಲವೆಡೆ ಬೆರಳ ಸಂದಿಯಲ್ಲಿ ನಿಂಬೆಹಣ್ಣು. ಉಳಿದ ಹೆಂಗಸು ಕಲ್ಲಿನಲ್ಲಿ ಇಲ್ಲ. ಬಳೆಗಳನ್ನು ಒಂದೊಂದಾಗಿ ಎಣಿಸಿ ಬರೆಯುವಾಗ ಇದನ್ನು ಇಷ್ಟು ಚಂದ ಮಾಡಬಾರದಿತ್ತು ಅನ್ನಿಸುತ್ತದೆ. ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ ದೇಕಬ್ಬೆ ಎಂಬವಳ ಶಾಸನವಿದೆ, 1057ನೆಯ ಇಸವಿಯದು. ಗಂಡ ಏಚನನ್ನು ಅರಸನ ಅಪ್ಪಣೆಯಂತೆ ತಲಕಾಡಿನಲ್ಲಿ ಕೊಲ್ಲಲಾಯಿತು. ಸುದ್ದಿ ಕೇಳಿ ಬೆಂಕಿಗೆ ಹೊರಟ ಮಗಳನ್ನು ಹೆತ್ತವರು ಬೇಡ ಬೇಡವೆಂದು ಅಂಗಲಾಚುತ್ತಾರೆ. ಅವಳು ಕೇಳುವುದಿಲ್ಲ. ಶಾಸನಕವಿ ಹೊಗಳುವುದು ಅವಳ ನಿಶ್ಚಲತೆಯನ್ನು. ಆದರೆ ಅವನು ಆ ತಂದೆತಾಯಿಯ ಬೇಡಿಕೆಯನ್ನು ಬಿಡದೆ ದಾಖಲಿಸಿದ್ದಾನೆ. ಹೊಗಳಿಕೆಯ ಮಧ್ಯದಲ್ಲೇ ‘ಬೇಡ’ ಎಂಬ ದನಿಯೊಂದು ಸಾವಿರ ವರ್ಷದಿಂದ ಉಳಿದುಕೊಂಡಿದೆ. ನಾನು ಮಾಸ್ತಿಕಲ್ಲು ಬರೆಯುವುದನ್ನು ಬಿಡದಿರಲು ಆ ಒಂದು ದನಿ ಕಾರಣ. ಆದರೆ ಅದರ ಕೆಳಗೆ ‘ತ್ಯಾಗ’ ಎಂಬ ಪದವನ್ನು ಒಮ್ಮೆಯೂ ಬರೆದಿಲ್ಲ. ಊರು, ತಾರೀಖು, ಅಳತೆ, ಬಳೆಗಳ ಸಂಖ್ಯೆ. ಅಷ್ಟೇ.

ಬರವಣಿಗೆಯಲ್ಲೂ ಇದೇ ನಿಯಮ ಬಂತು. ಜಿಲ್ಲಾ ಪತ್ರಿಕೆಯೊಂದರ ಭಾನುವಾರದ ಪುರವಣಿಗೆ ಬರೆಯಲು ಶುರುಮಾಡಿದಾಗ ನೋಟ್‌ಬುಕ್ಕಿನ ಪುಟವನ್ನು ಮೂರು ಕಾಲಂ ಮಾಡಿಕೊಂಡೆ. ಕಂಡದ್ದು, ಓದಿದ್ದು, ಅನ್ನಿಸಿದ್ದು. ಬ್ಯಾಂಕಿನವಳಿಗೆ ಕಾಲಂ ಹಾಕುವುದು ಸಲೀಸು. ಮೂರನೆಯ ಕಾಲಮ್ಮಿನದು ಮೊದಲನೆಯದಕ್ಕೆ ಜಾರದಂತೆ ನೋಡಿಕೊಳ್ಳುವುದು ಮಾತ್ರ ಕಷ್ಟ. ನಾನು ಬೆಳೆದದ್ದು ಚಾರಿತ್ರಿಕ ಕಾದಂಬರಿಗಳ ಮೇಲೆ. ಕೆ.ವಿ. ಅಯ್ಯರ್ ಅವರ ‘ಶಾಂತಲಾ’ವನ್ನು ಹದಿನೈದನೆಯ ವಯಸ್ಸಿನಲ್ಲಿ ಓದಿ ದಿಂಬು ಒದ್ದೆ ಮಾಡಿದ್ದೆ. ತ.ರಾ.ಸು. ಅವರ ‘ದುರ್ಗಾಸ್ತಮಾನ’ ಓದಿದ ವಾರವೇ ಚಿತ್ರದುರ್ಗದ ಬಸ್ಸು ಹತ್ತಿದ್ದೆ. ಮುಂದೆ ಶ್ರವಣಬೆಳಗೊಳದ ಶಾಸನ ಓದಿದಾಗ ಶಾಂತಲೆಯ ಬಗ್ಗೆ ಸಿಕ್ಕಿದ್ದು ಬೇರೆಯೇ. 1131ರಲ್ಲಿ ಶಿವಗಂಗೆಯಲ್ಲಿ ಅವಳು ತೀರಿಕೊಂಡಳು. ಆಮೇಲೆ ತಾಯಿ ಮಾಚಿಕಬ್ಬೆ ಬೆಳಗೊಳದಲ್ಲಿ ಉಪವಾಸವಿದ್ದು ಸಲ್ಲೇಖನ ವ್ರತದಿಂದ ಪ್ರಾಣಬಿಟ್ಟಳು. ಶಾಂತಲೆ ಕಟ್ಟಿಸಿದ ಬಸದಿಯ ಹೆಸರು ಸವತಿಗಂಧವಾರಣ ಬಸದಿ. ಸವತಿಯರಿಗೆ ಮದ್ದಾನೆಯಂತಿದ್ದವಳು ಎಂಬ ಅವಳ ಬಿರುದೇ ಬಸದಿಗೆ ಬಂದಿದೆ. ಕಾದಂಬರಿ ಸುಳ್ಳು, ಶಾಸನ ನಿಜ ಎಂದು ನಾನು ಹೇಳುತ್ತಿಲ್ಲ. ಶಾಸನವೂ ಹೊಗಳಲೆಂದೇ ಬರೆದದ್ದು. ಆದರೆ ಮಗಳು ಸತ್ತ ಮೇಲೆ ಊಟ ಬಿಟ್ಟ ತಾಯಿಯ ಸುದ್ದಿಯ ಮುಂದೆ ನನ್ನ ಹದಿನೈದರ ಕಣ್ಣೀರು ಸ್ವಲ್ಪ ಅಗ್ಗದ್ದು ಅನ್ನಿಸಿತು.

ಗೆರೆಯ ಕೆಲಸಕ್ಕೂ ನಮ್ಮಲ್ಲಿ ಒಂದು ಪರಂಪರೆಯಿದೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಸರ್ವೇಕ್ಷಣೆಗೆ ಬಂದ ಕಾಲಿನ್ ಮೆಕೆಂಜಿ ನೆಲ ಅಳೆಯುವುದರ ಜೊತೆಗೆ ಶಾಸನ, ಕೈಫಿಯತ್ತು, ಗುಡಿಗಳ ಚಿತ್ರ ಎಲ್ಲವನ್ನೂ ಸಂಗ್ರಹಿಸಿದ. ಅವನಿಗೆ ಊರೂರು ಅಲೆದು ನೆರವಾದವರು ಕಾವಲಿ ಸೋದರರಾದ ಬೊರ್ರಯ್ಯ, ಲಕ್ಷ್ಮಯ್ಯ ಮೊದಲಾದವರು. ಹಿರಿಯ ಬೊರ್ರಯ್ಯ 1803ರಲ್ಲಿ ಚಿಕ್ಕವಯಸ್ಸಿಗೇ ತೀರಿಕೊಂಡ. ಆ ಸಂಗ್ರಹದ ಚಿತ್ರಗಳು ಈಗ ಲಂಡನ್ನಿನ ಗ್ರಂಥಾಲಯದಲ್ಲಿವೆ. ಎಷ್ಟೋ ಚಿತ್ರಗಳನ್ನು ಬರೆದವರ ಹೆಸರಿಲ್ಲ. ಗೆರೆ ಉಳಿದಿದೆ.

ಗೆರೆ ಮಾತ್ರ ಉಳಿಯುವುದೆಂದರೆ ಏನೆಂದು ನನಗೆ ಅರ್ಥವಾದದ್ದು 2011ರಲ್ಲಿ. ಶಿಕಾರಿಪುರದಿಂದ ಸ್ವಲ್ಪ ದೂರದ ಒಂದು ಸಣ್ಣ ಹಳ್ಳಿಯ ಕೆರೆಯ ಬಳಿ ಒಂದು ವೀರಗಲ್ಲಿತ್ತು. 1994ರಲ್ಲಿ ಅದನ್ನು ಬರೆದಿದ್ದೆ. ಎದೆಮಟ್ಟದ ಕಲ್ಲು, ಮೂರು ಪಟ್ಟಿಕೆ, ನಡುವೆ ಅರ್ಧ ಸವೆದ ನಾಲ್ಕು ಸಾಲು ಅಕ್ಷರ. ಕೆಳಗಿನ ವೀರನ ಮುಖ ನುಣುಪಾಗಿ ಅಳಿಸಿಹೋಗಿತ್ತು. ತಲೆಮಾರುಗಳಿಂದ ಎಣ್ಣೆ ಹಚ್ಚಿ, ಅರಿಶಿನ ಬಳಿದು, ತೊಳೆದು ತೊಳೆದು ಹಾಗಾಗಿತ್ತು. ಹದಿನೇಳು ವರ್ಷಗಳ ನಂತರ ಹೋದಾಗ ರಸ್ತೆ ಅಗಲವಾಗಿತ್ತು, ಕೆರೆಯ ಏರಿಗೆ ಹೊಸ ಕಲ್ಲು ಕಟ್ಟಿದ್ದರು, ವೀರಗಲ್ಲು ಇರಲಿಲ್ಲ. ಯಂತ್ರ ಬಂದು ಎತ್ತಿಹಾಕಿತು, ಮಣ್ಣಿನ ಜೊತೆ ಹೋಯಿತು ಎಂದು ಒಬ್ಬರು. ಏರಿಯೊಳಗೇ ಸೇರಿದೆ ಎಂದು ಇನ್ನೊಬ್ಬರು. ಯಾರ ಮೇಲೂ ಕೋಪ ಮಾಡಿಕೊಳ್ಳಲು ಸಾಧ್ಯವಿರಲಿಲ್ಲ. ರಸ್ತೆ ಬೇಕೆಂದು ಹತ್ತು ವರ್ಷ ಅರ್ಜಿ ಹಾಕಿದವರು ಆ ಊರಿನವರೇ. ಮಳೆಗಾಲದಲ್ಲಿ ಬಸುರಿಯನ್ನು ಎತ್ತಿನ ಗಾಡಿಯಲ್ಲಿ ಒಯ್ದ ಕತೆಯನ್ನು ಅವರೇ ನನಗೆ ಹೇಳಿದ್ದರು.

ನನ್ನ ಬಳಿ ಚಿತ್ರವಿದೆ ಎಂದು ತಿಳಿದಾಗ, ಅದು ತಮ್ಮ ಮನೆತನದ ಹಿರಿಯನ ಕಲ್ಲೆಂದು ನಂಬಿದ್ದ ಒಂದು ಕುಟುಂಬದವರು ಒಂದು ಪ್ರತಿ ಕೇಳಿದರು. ವರ್ಷಕ್ಕೊಮ್ಮೆ ಎಡೆ ಇಡಲು ಅವರಿಗೆ ಏನೂ ಉಳಿದಿರಲಿಲ್ಲ. ದೊಡ್ಡದಾಗಿ ಮಸಿಯಲ್ಲಿ ಬರೆದುಕೊಂಡು ಹೋದೆ. ಮನೆಯ ಯಜಮಾನ ಬಹಳ ಹೊತ್ತು ನೋಡಿ, ‘ಎಲ್ಲಾ ಸರಿ ಐತೆ. ಮುಖ ಒಂದು ಬರ್ದುಬಿಡ್ರಿ’ ಎಂದರು.

ಬರೆಯುವುದು ಕಷ್ಟವಿರಲಿಲ್ಲ. ಬಳ್ಳಿಗಾವಿಯ ಹತ್ತು ವೀರರ ಮುಖ ನನ್ನ ಕೈಗೆ ಗೊತ್ತು. ಅದೇ ಕಾಲದ, ಅದೇ ಸೀಮೆಯ ಮುಖವೊಂದನ್ನು ಕೂರಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ, ಅವರಿಗೂ ಸಂತೋಷವಾಗುತ್ತಿತ್ತು. ಕಲ್ಲು ಇದ್ದಿದ್ದರೆ ಬರೆದೂಬಿಡುತ್ತಿದ್ದೆನೇನೋ, ಏಕೆಂದರೆ ಅನುಮಾನ ಬಂದವರು ಹೋಗಿ ಕಲ್ಲನ್ನು ನೋಡಬಹುದಿತ್ತು. ಈಗ ನೋಡಲು ಇದ್ದದ್ದು ನನ್ನ ಹಾಳೆ ಮಾತ್ರ. ‘ನಾನು ನೋಡ್ದಾಗ ಮುಖ ಇರ್ಲಿಲ್ಲ, ಇಲ್ಲದ್ದನ್ನ ಬರೆದ್ರೆ ಅದು ನಿಮ್ಮ ಹಿರೀಕನಾಗಲ್ಲ, ನಾನು ಮಾಡಿದ ಬೊಂಬೆ ಆಗುತ್ತೆ’ ಎಂದೆ. ಅವರಿಗೆ ಸಮಾಧಾನವಾಗಲಿಲ್ಲ. ಮನೆಯ ಸೊಸೆ ಕಾಫಿ ತಂದಿಟ್ಟು ಏನೂ ಮಾತಾಡದೆ ಒಳಗೆ ಹೋದರು. ಬಸ್ಸಿನಲ್ಲಿ ಹಿಂತಿರುಗುವಾಗ ದಾರಿಯುದ್ದಕ್ಕೂ ಆ ಕಾಫಿಯ ಲೋಟವೇ ಕಣ್ಣಮುಂದೆ. ನಾನು ಇತಿಹಾಸಕ್ಕೆ ನಿಷ್ಠಳಾಗಿದ್ದೆನೋ, ಬದುಕಿರುವವರ ಬಗ್ಗೆ ಕಠಿಣಳಾಗಿದ್ದೆನೋ?

ಮರುವರ್ಷ ಅವರೇ ಕರೆದರು. ಚಿತ್ರಕ್ಕೆ ಕಟ್ಟು ಹಾಕಿಸಿ ದೇವರ ಗೂಡಿನ ಪಕ್ಕ ತೂಗುಹಾಕಿದ್ದರು. ಗಾಜಿನ ಮೇಲೆ, ಖಾಲಿ ಬಿಟ್ಟ ಮುಖದ ಹಣೆ ಇರಬೇಕಾದ ಕಡೆಗೆ ಸರಿಯಾಗಿ, ಒಂದು ಕುಂಕುಮದ ಬೊಟ್ಟು. ಇಟ್ಟವರು ಸೊಸೆಯಂತೆ. ಅಷ್ಟರಿಂದಲೇ ಅಲ್ಲೊಂದು ಮುಖ ಇತ್ತು. ನಾನು ಗೆರೆ ಎಳೆಯಬೇಕಾಗಿರಲಿಲ್ಲ, ಅವರಿಗೆ ಅದನ್ನು ಕಾಣಲು ನನ್ನ ಅಪ್ಪಣೆಯೂ ಬೇಕಿರಲಿಲ್ಲ.

ಈಗ ಕಾಲ ಬೇರೆಯಾಗಿದೆ. 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಗಂಗರ ಶ್ರೀಪುರುಷನ ಕಾಲದ, ಸುಮಾರು 750ರ ಕಿತ್ತಯ್ಯನ ವೀರಗಲ್ಲು ಸಿಕ್ಕಿದಾಗ ಊರಿನವರೇ ಮುಂದೆ ನಿಂತು ಅದನ್ನು ಉಳಿಸಿಕೊಂಡರು. ಬೆಂಗಳೂರಿನ ಮಿಥಿಕ್ ಸೊಸೈಟಿಯವರು ಕಲ್ಲುಗಳನ್ನು ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿಸುತ್ತಿದ್ದಾರೆ. ನನ್ನ ಕಣ್ಣಿಗೆ ಕಾಣದ ಅಕ್ಷರ ಕಂಪ್ಯೂಟರಿನ ಪರದೆಯ ಮೇಲೆ ಎದ್ದುಬರುವುದನ್ನು ನೋಡಿ ಖುಷಿಪಟ್ಟಿದ್ದೇನೆ. ದಾಖಲೆಯ ಮಟ್ಟಿಗೆ ನನ್ನ ಪೆನ್ಸಿಲ್ಲಿಗೆ ಇನ್ನು ಕೆಲಸವಿಲ್ಲ ಎಂಬುದನ್ನು ಒಪ್ಪಿಕೊಳ್ಳಲು ನನಗೆ ಬೇಸರವೇನಿಲ್ಲ. ಯಂತ್ರ ನನಗಿಂತ ಚೆನ್ನಾಗಿ ಅಳೆಯುತ್ತದೆ. ಆದರೆ ಯಂತ್ರ ತಂದವರು ಕೆಲಸ ಮುಗಿಸಿ ಬೇಗ ಹೊರಡುತ್ತಾರೆ. ಗೋಣಿತಾಟು ಹಾಸಿ ಮೂರು ಗಂಟೆ ಕೂತವಳ ಸುತ್ತ ಮಕ್ಕಳು ಸೇರುತ್ತಾರೆ. ಮೊದಲು ನಗುತ್ತಾರೆ, ಆಮೇಲೆ ಕೇಳುತ್ತಾರೆ, ಕೊನೆಗೆ ‘ಅಲ್ಲೊಂದು ಹಸ ಬಿಟ್ಟುಬಿಟ್ರಿ’ ಎಂದು ತೋರಿಸುತ್ತಾರೆ. ತಾವು ಹತ್ತಿ ಕುಣಿಯುತ್ತಿದ್ದ ಕಲ್ಲಿನ ಮೇಲೆ ಹಸು ಇದೆಯೆಂದು ಅವರಿಗೆ ಆ ದಿನದವರೆಗೆ ಗೊತ್ತಿರುವುದಿಲ್ಲ. ಹಸುವನ್ನು ಒಮ್ಮೆ ಕಂಡ ಹುಡುಗ ಮುಂದೆ ಆ ಕಲ್ಲನ್ನು ಯಂತ್ರಕ್ಕೆ ಸುಲಭವಾಗಿ ಬಿಟ್ಟುಕೊಡಲಾರ ಎಂಬುದು ನನ್ನ ಆಸೆ. ಇದು ಮೂರನೆಯ ಕಾಲಮ್ಮಿನ ಮಾತು, ಗೊತ್ತು.

2019ರಲ್ಲಿ ನಿವೃತ್ತಳಾದೆ. ನೋಟ್‌ಬುಕ್ಕುಗಳು 41 ಆಗಿವೆ. ಎರಡು ವರ್ಷದಿಂದ ಬಲಗೈ ಸ್ವಲ್ಪ ನಡುಗುತ್ತದೆ. ನೇರ ಗೆರೆ ಎಳೆಯುವಾಗ ಎಡಗೈಯಿಂದ ಮಣಿಕಟ್ಟನ್ನು ಹಿಡಿದುಕೊಳ್ಳುತ್ತೇನೆ. ಮಗಳು ಒಂದೊಂದೇ ಪುಟವನ್ನು ಸ್ಕ್ಯಾನ್ ಮಾಡಿ, ಊರು ತಾಲ್ಲೂಕು ಹಾಕಿ ಜೋಡಿಸುತ್ತಿದ್ದಾಳೆ. ಹದಿನಾರನೆಯ ಪುಸ್ತಕಕ್ಕೆ ಬಂದಿದ್ದಾಳೆ. ಮೊನ್ನೆ ಫೋನಿನಲ್ಲಿ, ‘ಅಮ್ಮಾ, ಈ ಭಾನುವಾರಗಳಲ್ಲಿ ಅರ್ಧ ನನ್ನವು’ ಎಂದು ನಕ್ಕಳು. ಅವಳು ನಕ್ಕದ್ದು ನಿಜ. ಹೇಳಿದ್ದೂ ನಿಜ. ನಾನು ಅದಕ್ಕೆ ಕೊಡಬಹುದಾದ ಉತ್ತರ ಆ 41 ಪುಸ್ತಕಗಳಲ್ಲಿ ಎಲ್ಲೂ ಇಲ್ಲ. ‘ಮುಂದಿನ ವಾರ ಬಂದಾಗ ಸೊರಬದ ಕಡೆ ಹೋಗೋಣ, ಕಾರು ನೀನು ಓಡಿಸು’ ಎಂದೆ. ಬರುತ್ತೇನೆ ಎಂದಿದ್ದಾಳೆ. ಗೋಣಿತಾಟು ಒಂದೇ ಇದೆ, ಇನ್ನೊಂದನ್ನು ಹುಡುಕಬೇಕು.